ಅಣ್ಣ ಕುಲುಕಿದ ಸೀಸೆಗಳು

ನನ್ನ ಸೀಟಿ ಕೆಟ್ಟಿದೆ ಅಂತಲೇ ನಾನು ಅಂದುಕೊಂಡದ್ದು. ಆಗ ನಾನು ಪಾವಗಡದಿಂದ ಮಧುಗಿರಿ, ಕೊರಟಗೆರೆ ಮೇಲೆ ತುಮಕೂರಿಗೆ ಹೋಗುವ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ದಾರಿಯ ಊರುಗಳ ಹೆಸರನ್ನೆಲ್ಲ ಒಂದೇ ಉಸಿರಿನಲ್ಲಿ ಕೂಗಿ, ಕೊನೆಗೆ ಒಂದು ಸೀಟಿ ಹೊಡೆದರೆ ಬಸ್ಸು ಹೊರಡಬೇಕು. ಅದು ನನ್ನ ಹೆಮ್ಮೆ. ಆದರೆ ಒಂದು ದಿನ ಸೀಟಿ ಊದಿದರೆ ಬರೀ ಗಾಳಿ ಬಂತು. ಡ್ರೈವರ್ ಹಿಂದಕ್ಕೆ ತಿರುಗಿ, "ಲೇ ರಂಗ, ಸೀಟಿ ಹೊಡೀಲಾ, ಇಲ್ಲೇ ಮನೆ ಕಟ್ಕಂಡು ಇರಾನಾ?" ಅಂದ. ನಾನು ಬಾಗಿಲು ಬಡಿದು ಬಸ್ಸು ಬಿಡಿಸಿದೆ.

ಮಧುಗಿರಿ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಹೊಸ ಸೀಟಿ ಕೊಂಡೆ. ಅದೂ ಹಾಗೇ. ನನಗೆ ಸಿಟ್ಟು ನೆತ್ತಿಗೇರಿತು. ನಾನು ಮೊದಲೇ ಮುಂಗೋಪಿ. ಅಂಗಡಿಯವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವನು ಸೀಟಿ ಇಸಿದುಕೊಂಡು, ಪಂಚೆಯ ತುದಿಯಲ್ಲಿ ಒರೆಸಿ, ಒಂದು ಸಲ ಊದಿದ. ಇಡೀ ಬಸ್ ಸ್ಟ್ಯಾಂಡು ತಿರುಗಿ ನೋಡಿತು. ಹೊರಡಬಾರದ ಒಂದು ಬಸ್ಸು ಹೊರಟೂ ಬಿಟ್ಟಿತು. "ಸೀಟಿ ನೆಟ್ಗೈತೆ ಕಣಣ್ಣ. ನೀನು ನೆಟ್ಗಿದೀಯಾ?" ಅಂದ.

ನೆಟ್ಟಗಿರಲಿಲ್ಲ. ಬಸ್ಸಿನ ಟಾಪಿನ ಏಣಿ ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಬಿಸಿಲಿಗೆ, ಟೀಗೆ, ನಿದ್ದೆಗೆಟ್ಟದ್ದಕ್ಕೆ ಹೀಗೆ ಅಂತ ಒಂದೊಂದಕ್ಕೆ ಒಂದೊಂದು ಕಾರಣ ಹೇಳಿಕೊಂಡು ತಿರುಗುತ್ತಿದ್ದೆ. ಮಧುಗಿರಿಯ ಡಾಕ್ಟರು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು, ಬಿ.ಪಿ. ನೋಡಿ ಎರಡನೇ ಸಲ ನೋಡಿದರು. ಆಮೇಲೆ ಮೆಲ್ಲಗೆ, "ನಾಳೆನೇ ಬೆಂಗಳೂರಿಗೆ ಹೋಗಿ" ಅಂದರು. ಅವರು ಮೆಲ್ಲಗೆ ಹೇಳಿದ್ದಕ್ಕೇ ನನಗೆ ಹೆದರಿಕೆಯಾದದ್ದು. ಗದರಿದ್ದರೆ ಧೈರ್ಯವಾಗಿರುತ್ತಿತ್ತೋ ಏನೋ.

ಬೆಂಗಳೂರಿನಲ್ಲಿ ಎರಡೂ ಕಿಡ್ನಿ ಹೋಗಿವೆ ಅಂದರು. ಯಾಕೆ, ಯಾವಾಗ, ಅದಕ್ಕೆಲ್ಲ ಉತ್ತರವಿರಲಿಲ್ಲ. ನನ್ನ ಹೆಂಡತಿ ಜಯಮ್ಮ ಡಾಕ್ಟರ ಮುಂದೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಆಚೆ ಬಂದು ಕಂಬ ಹಿಡಿದು ನಿಂತಳು. "ಅಳಬೇಡವೇ" ಅಂದೆ. "ನಾನೆಲ್ಲಿ ಅಳ್ತಿದೀನಿ, ಬಸ್ಸಲ್ಲಿ ಬಂದು ತಲೆ ತಿರುಗ್ತೈತೆ" ಅಂದಳು.

ಆಮೇಲಿನ ನನ್ನ ಬದುಕೆಲ್ಲ ಬೆಂಗಳೂರಿನ ಆಸ್ಪತ್ರೆಯ ಒಂದು ಮರದ ಬೆಂಚು. ವಾರಕ್ಕೊಮ್ಮೆ ಡಯಾಲಿಸಿಸ್. ಬೆಳಗಾಗುತ್ತಲೇ ಶಿರಾದಿಂದ ಬಸ್ಸು ಹತ್ತುವುದು, ಹಿಂದಿನ ಉದ್ದ ಸೀಟಿನಲ್ಲಿ ಮಲಗುವುದು. ಕಂಡಕ್ಟರುಗಳೆಲ್ಲ ನನ್ನವರೇ. "ರಂಗಣ್ಣ ಮಲಗವ್ನೆ, ಹಿಂದುಕ್ಕೆ ಬರಬ್ಯಾಡ್ರಪ್ಪೋ" ಅಂತ ಜನರನ್ನು ತಡೆಯುತ್ತಿದ್ದರು. ಆ ಬೆಂಚಿನಲ್ಲಿ ಕೂತವರು ನಾವೆಲ್ಲ ಒಂದೇ ಬಣ್ಣ, ಹಳೇ ಕಾಗದದ ಬಣ್ಣ. ಯಾರೂ ಯಾರ ಜಾತಿ ಕೇಳುತ್ತಿರಲಿಲ್ಲ. "ನಿಮಗೆ ನೀರು ಎಷ್ಟು ಬಿಟ್ಟಿದಾರೆ?" ಅಂತ ಕೇಳುತ್ತಿದ್ದರು. ದಿನಕ್ಕೆ ಕುಡಿಯುವ ನೀರಿಗೂ ಅಳತೆ. ಪಕ್ಕದವನು ಒಂದು ಗುಟುಕು ಹೆಚ್ಚು ಕುಡಿಯಬಹುದು ಅಂತ ಗೊತ್ತಾದರೆ ಹೊಟ್ಟೆ ಉರಿಯುತ್ತಿತ್ತು, ದೇವರಾಣೆ. ಈಗಲೂ ಅಂಥ ಬೆಂಚಿನಲ್ಲಿ ಯಾರೋ ಕೂತಿರುತ್ತಾರೆ. ಇದನ್ನು ಅವರಿಗೋಸ್ಕರ ಬರೆಯುತ್ತಿದ್ದೇನೆ.

ಯಂತ್ರ ಮೈಯೊಳಗಿನ ಕಸ ತೆಗೆಯುತ್ತಿತ್ತು, ನಿಜ. ರಕ್ತ ಮಾತ್ರ ಮೈಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಇಳಿದು ಇಳಿದು ಅರ್ಧಕ್ಕೂ ಕಮ್ಮಿಯಾದಾಗ ಬಾಟಲಿ ರಕ್ತ ಹಾಕುತ್ತಿದ್ದರು. ಹಾಕಿದ ಮೇಲೆ ಒಂದಷ್ಟು ದಿನ ಜೀವ ಬಂದ ಹಾಗಿರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ನಮ್ಮ ಡ್ರೈವರುಗಳು, ಕ್ಲೀನರುಗಳು ಸಾಲಾಗಿ ಬಂದು ತೋಳು ಚಾಚಿದರು. ನೆಂಟರು ಮಾತ್ರ ಆಸ್ಪತ್ರೆಯ ಗೇಟಿನವರೆಗೆ ಬಂದು, ಸೂಜಿಯ ಮಾತು ಕೇಳಿದ ಕೂಡಲೇ ಊರಲ್ಲಿ ಬಿಟ್ಟುಬಂದ ಕುರಿ ನೆನಪಾಗಿ ಓಡುತ್ತಿದ್ದರು.

ಬದುಕುವ ದಾರಿ ಇದ್ದದ್ದು ಒಂದೇ, ಬೇರೆಯವರ ಕಿಡ್ನಿ. ನಮ್ಮವ್ವ ಕರಿಯಮ್ಮನದು ಹೊಂದುತ್ತದೆ ಅಂತ ಗೊತ್ತಾಯಿತು. ನಮ್ಮೂರು ಬರಗೂರಿನ ಆಚೆ, ನಾವು ಕುರಿ ಕಾಯುವ ಜನ. ಅವ್ವ ದಿನಕ್ಕೆ ಹರದಾರಿಗಟ್ಟಲೆ ನಡೆಯುವ ಗಟ್ಟಿ ಹೆಂಗಸು. ಸೋದರಮಾವ ಬಂದು, "ಎಣ್ಣಿನ ಅಂಗ ಗಂಡಿನ ಮೈಗೆ ಕೂಡಾಕಿಲ್ಲ ಕಣಕ್ಕ, ಬ್ಯಾಡ" ಅಂದ. ಅವ್ವ ಎಲೆಯಡಿಕೆ ಉಗಿದು ಹೇಳಿದಳು: "ಅವನ ಮೈಯಾಗಿರೋವು ಯಾರ್ ಮಾಡಿದ್ವು, ನೀನು ಮಾಡಿದ್ಯಾ? ಇಡೀ ಮಗನ್ನೇ ನನ್ನ ಒಟ್ಟೇಲಿ ಮಾಡಿ ಕೊಟ್ಟೀನಿ. ಒಂದು ಬಿಡಿ ಸಾಮಾನು ಕೊಡಾಕೆ ನಿನ್ನ ಕೇಳ್ಬೇಕಾ?" ಮಾವ ಟವಲು ಕೊಡವಿಕೊಂಡು ಎದ್ದು ಹೋದ.

ಎಲ್ಲ ಸರಿಹೋಯಿತು ಅನ್ನುವ ಹೊತ್ತಿಗೆ ಬೆಂಗಳೂರಿನ ಡಾಕ್ಟರು ಕರೆದು ಕೂರಿಸಿದರು. ಅವರು ನನ್ನ ವಯಸ್ಸಿನವರೇ, ನಗುಮುಖ. ಅವತ್ತು ನಗಲಿಲ್ಲ. "ರಂಗಸ್ವಾಮಿ, ಬೇರೆಯವರ ರಕ್ತ ಹಾಕಿದಾಗಲೆಲ್ಲ ನಿಮ್ಮ ಮೈ ಪರರನ್ನು ಕಂಡರೆ ಜಗಳಕ್ಕೆ ಬೀಳೋದು ಕಲೀತಾ ಇದೆ. ಇದು ಹೀಗೇ ಹೆಚ್ಚಿದರೆ ನಿಮ್ಮ ತಾಯಿಯ ಕಿಡ್ನಿಯನ್ನೂ ಹತ್ತಿರ ಸೇರಿಸೋಲ್ಲ. ಇನ್ನು ಆದಷ್ಟೂ ರಕ್ತ ಹಾಕಬಾರದು" ಅಂದರು. ಜಯಮ್ಮ ಅಷ್ಟು ಸಂಕಟದಲ್ಲೂ, "ಮೊದ್ಲೇ ಜಗಳಗಂಟ, ಈಗ ರಕ್ತಕ್ಕೂ ಬಂತಾ?" ಅಂದಳು. ಡಾಕ್ಟರು ಆಗ ನಕ್ಕರು.

ನಾನು ನಗಲಿಲ್ಲ. ರಕ್ತ ಹಾಕದಿದ್ದರೆ ಆಪರೇಷನ್ನಿನವರೆಗೆ ನಾನು ಉಳಿಯುವುದಿಲ್ಲ. ಹಾಕಿದರೆ ಅವ್ವನ ಕಿಡ್ನಿ ಕೈತಪ್ಪುತ್ತದೆ. ಬೇರೆ ಕೊಡುವವರು ಯಾರೂ ಇರಲಿಲ್ಲ. ಅಣ್ಣನ ರಕ್ತದ ಗುಂಪೇ ಬೇರೆ. ಅವತ್ತು ಬಸ್ಸಿನಲ್ಲಿ ಮಲಗಿಕೊಂಡು ಮೊದಲ ಸಲ ನಾನು ಸಾಯುತ್ತೇನೆ ಅಂತ ಸ್ಪಷ್ಟವಾಗಿ ಅನ್ನಿಸಿತು. ಟವಲು ಮುಖದ ಮೇಲೆ ಎಳೆದುಕೊಂಡು ಅತ್ತೆ.

ಮುಂದಿನ ವಾರ ಹೋದರೆ ಡಾಕ್ಟರು ಬಾಗಿಲಲ್ಲೇ ಕಾಯುತ್ತಿದ್ದರು. ಡಾಕ್ಟರು ರೋಗಿಗೆ ಕಾಯುವುದನ್ನು ನಾನು ಅದೇ ಮೊದಲು ನೋಡಿದ್ದು! ಹೊರದೇಶದಲ್ಲಿ ಹೊಸದಾಗಿ ಒಂದು ಇಂಜೆಕ್ಷನ್ ಬಂದಿದೆಯಂತೆ. ಮೈಗೆ ರಕ್ತ ಹುಟ್ಟಿಸು ಅಂತ ಹೇಳುವ ಒಂದು ವಸ್ತು. ಇನ್ನೊಬ್ಬ ರೋಗಿ ಅದನ್ನು ನೆಂಟರ ಕೈಲಿ ತರಿಸಿಕೊಂಡಿದ್ದ. ಅಷ್ಟರಲ್ಲಿ ಅವನಿಗೆ ಆಪರೇಷನ್ ಆಗಿ, ಉಳಿದ ಒಂದು ಪೆಟ್ಟಿಗೆ ಸೀಸೆಗಳನ್ನು ಯಾರಿಗಾದರೂ ಕೊಡಿ ಅಂತ ಬಿಟ್ಟುಹೋಗಿದ್ದ. "ನಿಮಗೇ ಕೊಡ್ತಿದೀನಿ. ಕೆಲವು ವಾರಕ್ಕೆ ಆಗುತ್ತೆ. ರಕ್ತ ತಾನಾಗೇ ಏರಿದರೆ ಬಾಟಲಿ ರಕ್ತ ಬೇಡ. ಬಾಟಲಿ ಬೇಡವಾದರೆ ನಿಮ್ಮ ತಾಯಿ ಕಿಡ್ನಿ ಸಿಗುತ್ತೆ" ಅಂದರು. ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಕುಣಿಯಲು ಉಸಿರಿರಲಿಲ್ಲ.

ಜೊತೆಗೆ ನಮ್ಮಣ್ಣ ಚಿತ್ತಯ್ಯ ಬಂದಿದ್ದ. ಕುರಿಮಂದೆ ನೋಡಿಕೊಳ್ಳುವವನು ಅವನೇ. "ಇದುನ್ನ ಯಾತುರಿಂದ ಮಾಡ್ತಾರೆ ಸ್ವಾಮಿ?" ಅಂತ ಕೇಳಿದ. ಮನುಷ್ಯರದೇ ಒಂದು ಗುಣವನ್ನು ಇಲಿಯಂಥ ಪ್ರಾಣಿಯ ಜೀವಕಣಕ್ಕೆ ಸೇರಿಸಿ, ಕಾರ್ಖಾನೆಯಲ್ಲಿ ಬೆಳೆಸಿ ತೆಗೆಯುತ್ತಾರೆ ಅಂತ ಡಾಕ್ಟರು ಹೇಳಿದರು. ಅಣ್ಣ, "ಇಲಿ ಯಾಕೆ? ಕುರಿ ಆಗಿದ್ರೆ ನಮ್ಮನೇದೇ ಕೊಡ್ತಿದ್ವಲ್ಲ" ಅಂದ. ಡಾಕ್ಟರು ಈ ವಿಷಯ ಆ ದೇಶಕ್ಕೆ ಬರೆದು ತಿಳಿಸುತ್ತೇನೆ ಅಂದರು. ಅಣ್ಣ ಅದನ್ನು ನಿಜ ಅಂತಲೇ ನಂಬಿದ.

ವಾರದಲ್ಲಿ ಒಂದು ಇಂಜೆಕ್ಷನ್ ಡಯಾಲಿಸಿಸ್ ದಿನ ಆಸ್ಪತ್ರೆಯಲ್ಲಿ. ಉಳಿದವು ಮನೆಯಲ್ಲಿ, ಚರ್ಮದ ಕೆಳಗೆ. ತಣ್ಣಗಿಡಬೇಕು, ಆದರೆ ಹೆಪ್ಪುಗಟ್ಟಬಾರದು. ಇಷ್ಟು ಹೇಳಿ ಥರ್ಮಾಸಿನಲ್ಲಿ ಐಸು ಹಾಕಿ ಕೊಟ್ಟರು. ನಮ್ಮೂರಿನಲ್ಲಿ ಫ್ರಿಜ್ ಎಲ್ಲಿಂದ ತರೋಣ? ಶಿರಾದಲ್ಲಿ ಐಸ್‌ಕ್ಯಾಂಡಿ ಅಂಗಡಿ ಇಟ್ಟಿದ್ದ ಬಾಷಾ ಸಾಬರು ನೆನಪಾದರು. ಅವರ ಕ್ಯಾಂಡಿ ಡಬ್ಬಗಳನ್ನು ನಾನೇ ಎಷ್ಟೋ ಸಲ ಬಸ್ಸಿನ ಮೇಲೆ ಹಾಕಿಸಿದ್ದೆ. ವಿಷಯ ಕೇಳಿ ಸಾಬರು ಫ್ರಿಜ್ಜಿನೊಳಗಿದ್ದ ಅವರ ಮನೆಯ ಹಾಲು, ಮಾಂಸ ಎಲ್ಲ ಆಚೆ ತೆಗೆಸಿದರು. "ರಂಗಣ್ಣ, ಬಿಲ್ಕುಲ್ ಫಿಕರ್ ಮಾಡ್ಬೇಡಿ. ಕರೆಂಟ್ ಹೋದ್ರೆ ಭತ್ತದ ಹೊಟ್ಟಲ್ಲಿ ಐಸ್ ಹಾಕಿ ಇಡ್ತೀನಿ. ಇದು ನಿಮ್ದು ಜಾನ್ ಅಲ್ವಾ" ಅಂದರು. ಆಮೇಲೆ ನನ್ನ ಒಣಗಿದ ತುಟಿ ನೋಡಿ, ಬೆರಳುಗುರಿನಷ್ಟು ಐಸ್ ಚೂರು ಒಡೆದು ನಾಲಿಗೆಯ ಮೇಲಿಟ್ಟರು. ಅದು ಕರಗುವವರೆಗೆ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅಮೃತ ಅಂದರೆ ಅದೇ.

ಇಂಜೆಕ್ಷನ್ ಚುಚ್ಚುವವರು ಯಾರು? ಅಣ್ಣ ಎದೆ ತಟ್ಟಿಕೊಂಡ. "ಕುರಿಗೆಲ್ಲ ನಾನೇ ಅಲ್ವಾ ಚುಚ್ಚೋದು? ಒಂದು ಕುರೀನೂ ಕಮಕ್ ಕಿಮಕ್ ಅಂದಿಲ್ಲ. ಕುರಿಗೂ ತೊಗಲು ಕೆಳಗೇಯ, ಇವನಿಗೂ ತೊಗಲು ಕೆಳಗೇಯ" ಅಂದ. ಜಯಮ್ಮ, "ಕುರಿ ಅಂದ್ರೂ ಒಪ್ಕೋಬೌದು ಬುಡಿ, ಬುದ್ಧಿ ಹಂಗೇ ಐತೆ" ಅಂದಳು. ನಾನೂ ಒಪ್ಪಿದೆ. ಅಣ್ಣನ ಕೈ ನಿಜಕ್ಕೂ ಹಗುರ. ಹೊಸ ಸೂಜಿ, ಸ್ಪಿರಿಟ್ಟು, ಹತ್ತಿ, ಎಲ್ಲ ನರ್ಸು ಹೇಳಿಕೊಟ್ಟ ಹಾಗೇ ಮಾಡುತ್ತಿದ್ದ. ಶಿರಾದಿಂದ ಸೈಕಲ್ಲಿನಲ್ಲಿ ಥರ್ಮಾಸ್ ತರುತ್ತಿದ್ದ. ಅಂಗಳದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತು ಸೀಸೆಯನ್ನು ಎತ್ತಿ ಹಿಡಿಯುತ್ತಿದ್ದ. ಮನೆಯವರೆಲ್ಲ ಸುತ್ತ ಕೂತು ನೋಡುತ್ತಿದ್ದೆವು. ಚುಚ್ಚಿದ್ದು ಗೊತ್ತೇ ಆಗುತ್ತಿರಲಿಲ್ಲ.

ಪ್ರತಿ ದಿನ ಬೆಳಗ್ಗೆ ಎದ್ದ ಕೂಡಲೇ ಉಗುರು ನೋಡಿಕೊಳ್ಳುತ್ತಿದ್ದೆ. ಇವತ್ತು ಸ್ವಲ್ಪ ಕೆಂಪಾಗಿದೆ ಅಂತ ನಾನು, ಆಗಿದೆ ಅಂತ ಜಯಮ್ಮ. ಇಬ್ಬರಿಗೂ ಸುಳ್ಳು ಅಂತ ಗೊತ್ತು. ಅವ್ವ ಮಾತ್ರ ಸುಳ್ಳು ಹೇಳುತ್ತಿರಲಿಲ್ಲ. ಕುರಿಯ ಹೊಟ್ಟೆಗೆ ಜಂತು ಬಿದ್ದರೆ ರಕ್ತ ಬತ್ತುತ್ತದೆ. ಅದಕ್ಕೆ ನಮ್ಮವರು ಕುರಿಯ ರೆಪ್ಪೆ ಮಗುಚಿ ನೋಡುತ್ತಾರೆ. ಅವ್ವ ನನ್ನ ತಲೆಯನ್ನು ಕಂಕುಳಲ್ಲಿ ಇರುಕಿಕೊಂಡು, ಹಾಗೇ ರೆಪ್ಪೆ ಮಗುಚಿ ನೋಡುತ್ತಿದ್ದಳು. "ಇನ್ನೂ ಸುಣ್ಣ ಇದ್ದಂಗೈತೆ" ಅಂದು ಎದ್ದು ಹೋಗುತ್ತಿದ್ದಳು. ಆಸ್ಪತ್ರೆಯ ಪರೀಕ್ಷೆಯಲ್ಲೂ ಅದೇ. ಏರುವುದಿರಲಿ, ವಾರ ವಾರಕ್ಕೆ ಇಳಿಯುತ್ತಿತ್ತು. ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು. ಪೆಟ್ಟಿಗೆಯ ಸೀಸೆಗಳು ಅರ್ಧ ಖಾಲಿಯಾದವು.

ಡಾಕ್ಟರ ಮುಖವೂ ಸಪ್ಪೆಯಾಯಿತು. "ಕೆಲವರಿಗೆ ಇದು ಕೆಲಸ ಮಾಡೋಲ್ಲ. ಎದೆ ನೋವು ಬಂದರೆ ನಾನು ಕಾಯೋಕೆ ಆಗೋಲ್ಲ, ಬಾಟಲಿ ಹಾಕಲೇಬೇಕು. ಮುಂದಿನ ವಾರ ನೋಡೋಣ" ಅಂದರು. ಆ ವಾರ ನಾನು ಯಾರ ಜೊತೆಯೂ ಮಾತಾಡಲಿಲ್ಲ. ಬೈಯಲಿಲ್ಲ ಕೂಡ. ನಾನು ಬೈಯದೆ ಇರುವುದನ್ನು ನೋಡಿ ಮನೆಯವರು ಹೆದರಿಬಿಟ್ಟರಂತೆ.

ಮುಂದಿನ ವಾರ ನನಗೆ ನಿಲ್ಲಲಾಗಲಿಲ್ಲ. ಯಾವತ್ತೂ ಆಚೆಯೇ ಕೂರುತ್ತಿದ್ದ ಅಣ್ಣ, ಅವತ್ತು ನನ್ನನ್ನು ತೋಳಲ್ಲಿ ಹಿಡಿದು ವಾರ್ಡಿನ ಒಳಗೇ ಕರೆತಂದು ಮಲಗಿಸಿದ. ನರ್ಸು ಸೀಸೆ ತಂದು, ಸೂಜಿ ಇಟ್ಟು, ಮೆಲ್ಲಗೆ ಔಷಧಿ ಎಳೆದುಕೊಳ್ಳತೊಡಗಿದಳು. ಅಣ್ಣ ಒಮ್ಮೆಲೇ ಅಬ್ಬರಿಸಿದ: "ಏಯ್ ಏಯ್ ತಾಯಿ! ಏನ್ ಮಾಡ್ತಿದೀಯಾ? ಕುಲುಕ್ದೇನೇ ತಗೀತಿದೀಯಲ್ಲ!"

ನರ್ಸು ಬೆಚ್ಚಿಬಿದ್ದಳು. "ಕುಲುಕೋದು ಯಾಕೆ?"

"ಯಾಕೇಂದ್ರೆ! ಔಷ್ದ ಎಲ್ಲಾ ತಳದಾಗೆ ಕೂತಿರ್ತದೆ. ಮ್ಯಾಲಿನ ನೀರು ಚುಚ್ಚಿದ್ರೆ ಏನ್ ಬಂತು ಭಾಗ್ಯ? ಅದುಕ್ಕೇ ನಮ್ಮ ಹುಡುಗ ಇಂಗಾಗವ್ನೆ! ಕೊಡಿಲ್ಲಿ, ನಾನ್ ತೋರಿಸ್ತೀನಿ." ಅಣ್ಣ ಖಾಲಿ ಮುಷ್ಟಿ ಬಿಗಿಹಿಡಿದು, ತಲೆಯ ಮೇಲೆತ್ತಿ, ಭುಜ ಕಳಚುವ ಹಾಗೆ ಕುಲುಕಿ ತೋರಿಸಿದ. ಕುರಿಯ ಲಸಿಕೆಗೆ ನಮ್ಮವರು ಮಾಡುವುದೇ ಹಾಗೆ. ಆ ಲಸಿಕೆ ನಿಜಕ್ಕೂ ತಳಕ್ಕೆ ಕೂರುತ್ತದೆ. ಸರಿಯಾಗಿ ಕುಲುಕದವನನ್ನು ಮಂದೆಯ ಹತ್ತಿರಕ್ಕೂ ಬಿಡುವುದಿಲ್ಲ.

ನರ್ಸು ಮೆಲ್ಲಗೆ ಕೇಳಿದಳು, "ಮನೆಯಲ್ಲಿ ನೀವು ಹೀಗೇ ಮಾಡ್ತಿದ್ರಾ?"

"ಇಂಗೇಯ. ಬೆಳ್ಳಗೆ ನೊರೆ ಬರೋಗಂಟ. ಒಂದಿನಾನೂ ತಪ್ಪಿಸಿಲ್ಲ" ಅಂದ ಅಣ್ಣ, ಹೆಮ್ಮೆಯಿಂದ.

ನರ್ಸು ಸಿರಿಂಜು ಟ್ರೇಯಲ್ಲಿಟ್ಟು ಡಾಕ್ಟರ ಕೋಣೆಗೆ ಓಡಿದಳು. ಡಾಕ್ಟರು ಬಂದರು. ಅಣ್ಣ ಅವರ ಮುಂದೆಯೂ ಒಂದು ಸಲ ಕುಲುಕಿ ತೋರಿಸಿದ. ಡಾಕ್ಟರು ಹಣೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು. "ಚಿತ್ತಯ್ಯನವರೇ, ಇದು ಮೊಟ್ಟೆಯ ಬಿಳಿ ಇದ್ದ ಹಾಗೆ. ನೊರೆ ಬರೋ ಹಾಗೆ ಕಡೆದರೆ ಮತ್ತೆ ಮೊದಲಿನ ಹಾಗೆ ಆಗೋಲ್ಲ. ಇದನ್ನ ಕುಲುಕಲೇಬಾರದು. ಇದನ್ನ ಹೇಳಬೇಕಾಗುತ್ತೆ ಅಂತ ನಮಗೂ ಹೊಳೀಲಿಲ್ಲ. ಇಲ್ಲಿ ಯಾರೂ ಕುಲುಕೋದಿಲ್ಲ" ಅಂದರು.

ಅಣ್ಣನ ಕೈ ಇನ್ನೂ ಮೇಲೆಯೇ ಇತ್ತು. ನಿಧಾನವಾಗಿ ಇಳಿಸಿದ. ನನ್ನ ಕಡೆ ನೋಡಲಿಲ್ಲ. ಅಷ್ಟು ದೊಡ್ಡ ಗಂಡಸು, ಗೋಡೆಯ ಕಡೆ ತಿರುಗಿ ಬಿಕ್ಕತೊಡಗಿದ. "ನನ್ನ ತಮ್ಮುನ್ನ ನಾನೇ ಕೊಂದಾಕ್ಬುಟ್ಟೆ" ಅಂದ.

ನನಗೆ ಏನಾಯಿತು ಗೊತ್ತೇ? ಸಿಟ್ಟು ಬರಬೇಕಿತ್ತು. ಬಂತು ಕೂಡ, ಒಂದು ಕ್ಷಣ. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ತಲೆಗೆ ನುಗ್ಗಿತು. ಹಾಗಾದರೆ ಔಷಧಿ ಸೋತಿಲ್ಲ! ಅದು ನನ್ನ ಮೈಗೆ ಸರಿಯಾಗಿ ಹೋಗಿಯೇ ಇಲ್ಲ! ಆಸ್ಪತ್ರೆಯಲ್ಲಿ ವಾರಕ್ಕೊಂದು ಬಿಟ್ಟರೆ ನಾನು ಬರೀ ನೊರೆ ಚುಚ್ಚಿಸಿಕೊಂಡಿದ್ದೇನೆ! ಮಲಗಿದ್ದಲ್ಲೇ ಕೂಗಿದೆ, "ಲೋ ಚಿತ್ತಣ್ಣ, ಅಳಬ್ಯಾಡ ಕಣೋ! ನಾನಿನ್ನೂ ಔಷ್ದಾನೇ ತಗಂಡಿಲ್ಲ! ಇನ್ ಮೇಲೆ ಶುರು!" ಅಷ್ಟಕ್ಕೇ ಉಸಿರು ಕಟ್ಟಿ ಕೆಮ್ಮು ಬಂತು. ಡಾಕ್ಟರು ನನ್ನ ಮುಖ ನೋಡಿ, ಅಣ್ಣನ ಬೆನ್ನು ನೋಡಿ, "ಅವರು ಹೇಳೋದು ಸರಿ. ಉಳಿದ ಸೀಸೆಗಳಲ್ಲಿ ನೋಡೇಬಿಡೋಣ. ಎದೆ ನೋವು ಬರೋವರೆಗೆ ನಾನು ಬಾಟಲಿ ಹಾಕೋಲ್ಲ" ಅಂದರು.

ಆವತ್ತಿನಿಂದ ನಮ್ಮ ಮನೆಯ ರೀತಿಯೇ ಬದಲಾಯಿತು. ಔಷಧಿ ಊರಿಗೆ ಬರುವುದೇ ಬೇಡ, ಸೈಕಲ್ಲಿನ ಕುಲುಕಾಟವೇ ಬೇಡ, ನಾವೇ ಅದರ ಹತ್ತಿರ ಹೋಗೋಣ ಅಂತ ಅವ್ವ ತೀರ್ಮಾನ ಕೊಟ್ಟಳು. ಬಸ್ಸಿನಲ್ಲಿ ನನ್ನನ್ನು ಶಿರಾಕ್ಕೆ ಕರೆದುಕೊಂಡು ಹೋಗುವುದು, ಬಾಷಾ ಸಾಬರ ಅಂಗಡಿಯ ಹಿಂದೆ ಗೋಣಿಚೀಲದ ಮರೆ ಕಟ್ಟಿ ಅಲ್ಲೇ ಚುಚ್ಚುವುದು. ಅಣ್ಣ ಇನ್ನು ಸೂಜಿ ಮುಟ್ಟುವುದಿಲ್ಲ ಅಂತ ಕೂತ. ನಾನೇ ಹೇಳಿದೆ, ನೀನು ಚುಚ್ಚದಿದ್ದರೆ ಯಾರೂ ಚುಚ್ಚುವುದು ಬೇಡ ಅಂತ. ಬಂದ. ಫ್ರಿಜ್ಜಿನಿಂದ ಸೀಸೆ ತೆಗೆಯುವಾಗ ಅವನು ಉಸಿರನ್ನೂ ಬಿಗಿಹಿಡಿಯುತ್ತಿದ್ದ. ಎರಡೂ ಅಂಗೈಯಲ್ಲಿ ಇಟ್ಟುಕೊಂಡು ಹೆಜ್ಜೆ ಹೆಜ್ಜೆ ಅಳೆದು ಬರುತ್ತಿದ್ದ, ಈಗತಾನೇ ಹುಟ್ಟಿದ ಮರಿಯನ್ನು ತರುವ ಹಾಗೆ. ಸಾಬರು ಅಂಗಡಿಯ ಮುಂದೆ ನಿಂತು ಗಿರಾಕಿಗಳನ್ನು ಗದರಿಸುತ್ತಿದ್ದರು: "ಖಾಮೋಶ್! ಐದ್ ಮಿನಿಟ್ ಕ್ಯಾಂಡಿ ಬಂದ್! ಒಳಗೆ ಡಾಕ್ಟರ್ ಚಿತ್ತಯ್ಯ ಇದಾರೆ!" ಮುಂದೆ ರಸ್ತೆಯಲ್ಲಿ ಲಾರಿ ಹೋದರೂ ಅಣ್ಣನಿಗೆ ಸಿಟ್ಟು, ನೆಲ ಅದುರುತ್ತದೆ ಅಂತ.

ಮೊದಲ ವಾರ ಏನೂ ಇಲ್ಲ. ಎರಡನೆಯ ವಾರ ಇಳಿಯುವುದು ನಿಂತಿತು. "ನಿಂತಿದೆ" ಅಂತ ಡಾಕ್ಟರು ಹೇಳಿದಾಗ ನಾವು ಅಣ್ಣತಮ್ಮಂದಿರು ಮದುವೆ ನಿಶ್ಚಯವಾದವರ ಹಾಗೆ ಹಲ್ಲು ಕಿರಿದೆವು. ಆಮೇಲೆ ಒಂದು ಬೆಳಗ್ಗೆ ಅವ್ವ ರೆಪ್ಪೆ ಮಗುಚಿದವಳು ಎಂದಿನ ಹಾಗೆ ಎದ್ದು ಹೋಗಲಿಲ್ಲ. ಬಾಗಿಲ ಬೆಳಕಿಗೆ ನನ್ನನ್ನು ಎಳೆದುಕೊಂಡು ಹೋಗಿ ಇನ್ನೊಂದು ಕಣ್ಣನ್ನೂ ನೋಡಿದಳು. "ಜಯಾ, ಬಾ ಇಲ್ಲಿ. ನನ್ನ ಕಣ್ಣು ಮಂಜೋ, ಇವನ ಕಣ್ಣು ಕೆಂಪೋ, ನೋಡು" ಅಂದಳು. ಜಯಮ್ಮ ನೋಡಿದಳು. "ಕೆಂಪೇ ಕಣತ್ತೆ" ಅಂದಳು.

ಆದರೆ ನಮಗೆಲ್ಲ ಪೂರ್ತಿ ನಂಬಿಕೆ ಬಂದದ್ದು ಶಿರಾ ಬಸ್ಸಿನಲ್ಲಿ. ಅವತ್ತು ನಾನು, ಜಯಮ್ಮ, ಅಣ್ಣ ಮೂವರೂ ಹೊರಟಿದ್ದೆವು. ಪಾವಗಡದ ಕಡೆಯ ಒಬ್ಬ ದಪ್ಪ ಮನುಷ್ಯ ಕಡಲೆಕಾಯಿ ಮೂಟೆಯನ್ನು ಸೀಟಿನ ಮೇಲೆ ಕೂರಿಸಿದ್ದ. ಬಸುರಿ ಹೆಂಗಸೊಬ್ಬಳು ನಿಂತೇ ಇದ್ದಳು. "ಮೂಟೆ ಇಳಿಸಯ್ಯಾ" ಅಂದೆ. "ಟಿಕೆಟ್ ತೀಸ್ಕುನ್ನಾನು ಸ್ವಾಮೀ, ಮೂಟಕಿ ಕೂಡಾ" ಅಂತ ತೆಲುಗಿನಲ್ಲಿ ಅಂದ, ಮೂಟೆಗೂ ಟಿಕೆಟ್ ತಗೊಂಡಿದ್ದಾನಂತೆ. ಅಷ್ಟೇ! ನಾನು ಎದ್ದು ನಿಂತೆ. ಕಂಡಕ್ಟರ್ ಆಗಿ ಹತ್ತಿಪ್ಪತ್ತು ವರ್ಷ ಕಲಿತದ್ದೆಲ್ಲ ಬಾಯಿಗೆ ಬಂತು. ಅವನ ಮೂಟೆಗೆ ಬೈದೆ, ಟಿಕೆಟಿಗೆ ಬೈದೆ, ಅವನಿಗೆ ಟಿಕೆಟ್ ಕೊಟ್ಟ ಕಂಡಕ್ಟರನಿಗೂ ಬೈದೆ. ಕನ್ನಡ ಸಾಲದೆ ತೆಲುಗಿನಲ್ಲೂ ಬೈದೆ. ಮೂಟೆ ಕೆಳಗಿಳಿಯಿತು, ಬಸುರಿ ಕೂತಳು. ಆಮೇಲೆ ತಿರುಗಿ ನೋಡಿದೆ. ಜಯಮ್ಮ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು.

"ಯಾಕೆ, ಏನಾಯ್ತು?" ಅಂದೆ.

"ಏದುಸಿರೇ ಬರಲಿಲ್ವಲ್ರೀ" ಅಂದಳು. "ಇಷ್ಟುದ್ದ ಬೈದ್ರಲ್ಲ, ಒಂದ್ ಕಡೆನೂ ನಿಲ್ಲುಸ್ಲಿಲ್ಲ. ಬೈಯ್ರಿ, ಇನ್ನಷ್ಟು ಬೈಯ್ರಿ!"

ಅಣ್ಣ ಆ ದಪ್ಪ ಮನುಷ್ಯನ ಎರಡೂ ಕೈ ಹಿಡಿದುಕೊಂಡು ನಮಸ್ಕಾರ ಮಾಡಿದ. ಅವನಿಗೆ ಏನೂ ಅರ್ಥವಾಗದೆ, "ವೀಳ್ಳಂದರಿಕೀ ಪಿಚ್ಚೇಮೋ" ಅಂದುಕೊಂಡು ಮೂಟೆಯ ಮೇಲೆಯೇ ಕೂತ. ನಮಗೆಲ್ಲ ಹುಚ್ಚು ಅನ್ನುತ್ತಿದ್ದಾನೆ ಅಂತ ಗೊತ್ತಾಗಿಯೂ ನನಗೆ ಸಿಟ್ಟು ಬರಲಿಲ್ಲ. ಎಷ್ಟು ಸಂತೋಷವಾಗಿತ್ತು ಅಂದರೆ, ಅವನಿಗೊಂದು ಐಸ್‌ಕ್ಯಾಂಡಿ ಕೊಡಿಸಬೇಕು ಅನ್ನಿಸಿತು.

ಅಲ್ಲಿಂದ ವಾರ ವಾರಕ್ಕೂ ಏರಿತು. ಹಸಿವಾಗತೊಡಗಿತು. ಮುದ್ದೆಯ ಮೇಲೆ ಮುದ್ದೆ ಕೇಳಿದೆ. ಚಳಿ ಹೋಯಿತು. ಬಿ.ಪಿ. ಏರಿ ತಲೆ ಸಿಡಿದಾಗ ಡಾಕ್ಟರು ಮಾತ್ರೆ ಹೆಚ್ಚಿಸಿದರು. ಬಾಟಲಿ ರಕ್ತದ ಮಾತೇ ಬರಲಿಲ್ಲ. ಕೊನೆಯ ಪರೀಕ್ಷೆ ಒಂದು ಉಳಿದಿತ್ತು. ಅವ್ವನ ರಕ್ತ, ನನ್ನ ರಕ್ತ ಎರಡನ್ನೂ ಗಾಜಿನ ನಳಿಗೆಯಲ್ಲಿ ಸೇರಿಸಿ ನೋಡುವುದು. ಜಗಳವಾಡಿದರೆ ಎಲ್ಲ ಮುಗಿಯಿತು.

ಆ ಫಲಿತಾಂಶಕ್ಕೆ ಕಾದ ದಿನ ನನ್ನ ಬದುಕಿನಲ್ಲೇ ಉದ್ದನೆಯ ದಿನ. ಅದೇ ಮರದ ಬೆಂಚು. ಜಯಮ್ಮ ಮನೆದೇವರ ಹೆಸರನ್ನೆಲ್ಲ ಮುಗಿಸಿ ನೆಂಟರ ಮನೆದೇವರುಗಳಿಗೂ ಹರಕೆ ಹೊತ್ತಳು. ಅಣ್ಣ ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆದ. ಅವ್ವ ಕಾಲು ಮಡಚಿ ಬೆಂಚಿನ ಮೇಲೆ ಕೂತು, ಬಂದುಹೋಗುವ ರೋಗಿಗಳ ಊರು ಕೇರಿ ವಿಚಾರಿಸುತ್ತಿದ್ದಳು. "ಅವ್ವ, ನಿನಗೆ ಭಯ ಆಗಲ್ವಾ?" ಅಂತ ಕೇಳಿದೆ. "ಆಗ್ದೇ ಏನ್ಲಾ. ತೊಡೆ ನಡುಗ್ತೈತೆ ನೋಡು, ಅದುಕ್ಕೇ ಮಡಚ್ಕಂಡ್ ಕೂತಿವ್ನಿ" ಅಂದಳು. ಅವಳ ಮೊಣಕಾಲ ಮೇಲೆ ಕೈಯಿಟ್ಟೆ. ನಿಜವಾಗಿಯೂ ನಡುಗುತ್ತಿತ್ತು. ಬದುಕಿನಲ್ಲಿ ಮೊದಲ ಸಲ ನಮ್ಮವ್ವ ಹೆದರಿದ್ದನ್ನು ನೋಡಿದೆ. ಆ ಕೈ ತೆಗೆಯಲೇ ಇಲ್ಲ ನಾನು.

ಡಾಕ್ಟರು ಕಾರಿಡಾರಿನ ಆ ತುದಿಯಲ್ಲಿ ಕಾಣಿಸಿಕೊಂಡರು. ದೂರದಿಂದಲೇ ಎರಡೂ ಕೈ ಮೇಲೆತ್ತಿದರು. "ಜಗಳ ಇಲ್ಲ!" ಅಂತ ಕೂಗಿದರು. ಆ ಆಸ್ಪತ್ರೆಯಲ್ಲಿ ಅಷ್ಟು ಜೋರಾಗಿ ಯಾರೂ ಕೂಗಿರಲಿಕ್ಕಿಲ್ಲ. ಬೆಂಚಿನಲ್ಲಿದ್ದವರೆಲ್ಲ, ನಮ್ಮ ಹೆಸರೂ ಗೊತ್ತಿಲ್ಲದವರು, ಎದ್ದು ನಿಂತು ಕೈ ಹಿಡಿದುಕೊಂಡರು. ಒಬ್ಬ ಮುದುಕ ನನ್ನ ತಲೆ ಸವರಿ, "ನಮಗೂ ಆಗ್ತೈತೆ ಬುಡಪ್ಪ" ಅಂದ. ಅವನ ಮುಖ ಈಗಲೂ ಕಣ್ಣ ಮುಂದಿದೆ.

ಆಪರೇಷನ್ ಆಯಿತು. ಅದರ ನೋವು, ನಳಿಗೆಗಳು, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಜನ, ಅದೆಲ್ಲ ಅರೆಬರೆ ನೆನಪು. ಚೀಲಕ್ಕೆ ಮೂತ್ರ ಇಳಿಯುವುದನ್ನು ನೋಡಿ ಅಣ್ಣ ಗಾಜಿನ ಕಿಟಕಿಯಾಚೆ ಕೈಮುಗಿದದ್ದು ನೆನಪಿದೆ. ಕುಡಿಯಲು ಚೊಂಬು ತುಂಬ ನೀರು ಕೊಟ್ಟು, "ಬೇಕಾದಷ್ಟು ಕುಡಿ" ಅಂದದ್ದು ನೆನಪಿದೆ. ನಾನು ಕುಡಿಯುತ್ತಾ ಅತ್ತೆ, ಅಳುತ್ತಾ ಕುಡಿದೆ.

ಕೆಲವು ದಿನಗಳಾದ ಮೇಲೆ ಅವ್ವ ಹೊಟ್ಟೆಗೆ ಪಟ್ಟಿ ಕಟ್ಟಿಕೊಂಡು, ಜಯಮ್ಮನ ಭುಜ ಹಿಡಿದು, ನನ್ನ ಕೋಣೆಯ ಬಾಗಿಲಿಗೆ ಬಂದಳು. ಅದೇ ಹೊತ್ತಿಗೆ ಡಾಕ್ಟರು ನನ್ನನ್ನು ನೋಡುತ್ತಿದ್ದರು, ಅಣ್ಣ ಪಕ್ಕದಲ್ಲಿ ನಿಂತಿದ್ದ. "ರಕ್ತ ಇನ್ನೂ ಏರಿದೆ ರಂಗಸ್ವಾಮಿ, ಆರಾಮಾಗಿದೀರಿ" ಅಂದರು. ನಾನು ಸೀಸೆಗಳ ವಿಷಯ ಕೇಳಿದೆ. ಪೆಟ್ಟಿಗೆಯಲ್ಲಿ ಒಂದೂ ಉಳಿದಿರಲಿಲ್ಲ. ಇನ್ನು ಮುಂದೆ ಆ ಇಂಜೆಕ್ಷನ್ನಿಗೆ ಏನು ಮಾಡುವುದು, ಮತ್ತೆ ಹೊರದೇಶದಿಂದ ಯಾರ ಕೈಲಿ ತರಿಸುವುದು ಅಂತ ನನಗೆ ಒಳಗೊಳಗೇ ದಿಗಿಲಿತ್ತು.

"ಇನ್ನು ಅದು ಬೇಕಾಗೋಲ್ಲ" ಅಂದರು ಡಾಕ್ಟರು. "ಅದನ್ನ ಮಾಡೋದೇ ಕಿಡ್ನಿ. ನಿಮ್ಮದು ಮಾಡೋದು ನಿಲ್ಲಿಸಿತ್ತು, ಅದಕ್ಕೇ ಹೊರಗಿನಿಂದ ಕೊಡ್ತಿದ್ದೆವು. ಈಗ ನಿಮ್ಮ ತಾಯಿ ಕೊಟ್ಟ ಕಿಡ್ನಿ ಆ ಔಷಧಿಯನ್ನ ಒಳಗೇ ತಯಾರು ಮಾಡ್ತಿದೆ. ದಿನಾ, ತಾನಾಗೇ."

ಬಾಗಿಲಲ್ಲಿ ನಿಂತಿದ್ದ ಅವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಒಂದು ಕೈಯನ್ನು ಹೊಟ್ಟೆಯ ಪಟ್ಟಿಯ ಮೇಲಿಟ್ಟುಕೊಂಡಳು. ಆಮೇಲೆ ನನ್ನನ್ನೂ ಡಾಕ್ಟರನ್ನೂ ಅಣ್ಣನನ್ನೂ ಒಟ್ಟಿಗೇ ಗದರಿದಳು:

"ಅಯ್ಯೋ ನಿಮ್ಮ! ಅದು ನನ್ನ ಒಟ್ಟೇಲೇ ಇತ್ತಾ? ಬಾಯ್ಬುಟ್ಟು ಒಂದ್ ಮಾತು ನನ್ನ ಕೇಳ್ದೆ, ಅದ್ಯಾಕ್ರೋ ಅಷ್ಟು ದೂರದ ದೇಶಕ್ಕೋಗಿದ್ರಿ?"